ಗಾಜಿನ ಕೊಳಕ್ಕೆ ತಿಳಿನೀರು

ಭಾನುವಾರದ ಮುಂಜಾನೆ. ಬೆಂಗಳೂರಿನ ಹೊರಬಡಾವಣೆಯ ಒಂದು ಸಾಮಾನ್ಯ ಗೃಹ. ಯಜಮಾನರಿಗೆ ಅಂದು ಕಚೇರಿಯ ಗಡಿಬಿಡಿಯಿಲ್ಲ. ಒಂಬತ್ತು ವರ್ಷದ ಮಗಳ ಹುಟ್ಟುಹಬ್ಬಕ್ಕೆಂದು ಎರಡು ತಿಂಗಳ ಹಿಂದೆ ತಂದಿಟ್ಟ ಗಾಜಿನ ತೊಟ್ಟಿಯ ನೀರು ಕೊಂಚ ಮಬ್ಬಾಗಿದೆ. ತಳದ ಕಲ್ಲುಹರಳುಗಳ ಮೇಲೆ ಕಂದುಬಣ್ಣದ ಜಿಡ್ಡು ಕೂತಿದೆ. ತಂದೆ ಮಗಳಿಬ್ಬರೂ ಸೊಂಟಕಟ್ಟಿ ನಿಂತರು. ನಾಲ್ಕು ಹೊಂಬಣ್ಣದ ಮೀನುಗಳನ್ನು ಬಕೆಟ್ಟಿಗೆ ವರ್ಗಾಯಿಸಿದರು. ಹಳೆಯ ನೀರನ್ನೆಲ್ಲ ಮೋರಿಗೆ ಚೆಲ್ಲಿದರು. ಹರಳುಗಳನ್ನು ಬಿಸಿನೀರಿನಲ್ಲಿ ತಿಕ್ಕಿ ತಿಕ್ಕಿ ತೊಳೆದರು. ಸೋಸುವ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು, ಬೆಳ್ಳಗಾಗುವವರೆಗೆ ಹಿಂಡಿದರು. ಅಂದು ಪುಣ್ಯಕ್ಕೆ ಕಾವೇರಿಯ ನೀರು ಬಂದಿತ್ತು. ದಿನವೂ ಬರುವ ಕೊಳವೆಬಾವಿಯ ನೀರಿಗಿಂತ ಇದು ಶ್ರೇಷ್ಠವಲ್ಲವೆ ಎಂದುಕೊಂಡು ತೊಟ್ಟಿಯನ್ನು ಅದರಿಂದಲೇ ತುಂಬಿ, ಮೀನುಗಳನ್ನು ಮರಳಿ ಬಿಟ್ಟರು. ಊಟದ ಹೊತ್ತಿಗೆ ತೊಟ್ಟಿ ಕನ್ನಡಿಯಂತೆ ಥಳಥಳಿಸುತ್ತಿತ್ತು.

ಸೋಮವಾರ ಬೆಳಗಾಗುವಷ್ಟರಲ್ಲಿ ನಾಲ್ಕು ಮೀನುಗಳೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

"ಅಪ್ಪ, ಇಷ್ಟು ಚೆನ್ನಾಗಿ ತೊಳೆದೆವಲ್ಲ, ಮತ್ತೇಕೆ ಸತ್ತುಹೋದವು?" ಎಂದು ಮಗಳು ಕೇಳಿದಳು. ತಂದೆಯ ಬಳಿ ಉತ್ತರವಿರಲಿಲ್ಲ. ಶಾಲೆಗೆ ಹೊರಡುವ ಮುನ್ನ ಅವಳು ಅವುಗಳನ್ನು ದಾಸವಾಳದ ಬುಡದಲ್ಲಿ ಹೂಳಿ ಹೋದಳು.

ಈ ಪ್ರಸಂಗ ಒಂದೇ ಮನೆಯದಲ್ಲ. ಮೀನು ಸಾಕಿದ ಮನೆಗಳಲ್ಲಿ ಬಹುಪಾಲು, ಒಂದಲ್ಲ ಒಂದು ದಿನ, ಇಂಥ ಸೋಮವಾರವನ್ನು ಕಂಡಿವೆ. ಅಲ್ಲಿ ಮೀನುಗಳನ್ನು ಕೊಂದದ್ದು ಕೊಳೆಯಲ್ಲ, ಶುಚಿತ್ವ. ಅಕ್ಕರೆಯೇನೋ ಇತ್ತು, ಅರಿವು ಇರಲಿಲ್ಲ. ಮನುಷ್ಯನ ಕಣ್ಣಿಗೆ ತಿಳಿಯಾಗಿ ಕಾಣುವ ನೀರು ಬೇರೆ, ಮೀನಿನ ಬಾಳಿಗೆ ಹಿತವಾದ ನೀರು ಬೇರೆ. ಈ ಭೇದವನ್ನು ಅರಿತವನಿಗೆ ಗಾಜಿನ ಕೊಳ ವರ್ಷಗಟ್ಟಲೆ ಆನಂದದ ನೆಲೆ. ಅರಿಯದವನಿಗೆ ಅದು ತಿಂಗಳಿಗೊಮ್ಮೆ ದುಃಖದ ಮೂಲ.

ಹೊಳೆಗಿರುವ ಭಾಗ್ಯ

ಶೃಂಗೇರಿಯ ತುಂಗೆಯ ತಟದಲ್ಲಿ ನಿಂತು ಪುರಿ ಎರಚಿದವರಿಗೆ ಮುಗಿಬೀಳುವ ಆ ದೊಡ್ಡ ಮೀನುಗಳ ನೆನಪು ಮಾಸುವುದಿಲ್ಲ. ಅಷ್ಟೊಂದು ಮೀನು, ಅಷ್ಟೊಂದು ಆಹಾರ. ಆದರೂ ಅಲ್ಲಿ ನೀರು ಬದಲಿಸುವವರಾಗಲಿ ಸೋಸುವವರಾಗಲಿ ಇಲ್ಲ. ಹೊಳೆ ಹರಿಯುತ್ತದೆ, ಅಷ್ಟೇ. ಇಂದಿನ ಕಶ್ಮಲ ನಾಳೆಗೆ ಅಲ್ಲಿರದು. ಬಂಡೆಗೆ ಬಡಿದು ನೊರೆಯಾಗುವ ನೀರು ಗಾಳಿಯನ್ನು ತಾನೇ ಹೀರಿಕೊಳ್ಳುತ್ತದೆ.

ಮೀನು ಸಾಕುವ ಆಸೆ ಮಾತ್ರ ಇಂದಿನದಲ್ಲ. ಮಹಾಭಾರತದ ವನಪರ್ವದಲ್ಲಿ ಮನುವಿನ ಆಶ್ರಯ ಬೇಡಿದ ಪುಟ್ಟ ಮೀನು ಬೆಳೆಬೆಳೆದಂತೆ ಮಡಕೆಯಿಂದ ಬಾವಿಗೆ, ಬಾವಿಯಿಂದ ಗಂಗೆಗೆ, ಗಂಗೆಯಿಂದ ಕಡಲಿಗೆ ಸಾಗಿಸಬೇಕಾಯಿತು. ಮೀನಿಗೆ ತಕ್ಕ ನೀರು ಒದಗಿಸಬೇಕಾದುದು ಸಾಕಿದವನ ಹೊಣೆ ಎಂಬ ಮಾತನ್ನು ಆ ಕಥೆ ಎಂದೋ ಹೇಳಿಟ್ಟಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ'ವೆಂಬ ಭಾಗವೇ ಉಂಟು. ಮೀನುಗಳ ಬಗೆಗಳು, ಅವುಗಳಿಗೆ ಹಾಕುವ ಆಹಾರ, ಗಾಳಹಾಕುವ ಬಗೆ ಇವೆಲ್ಲ ಅಲ್ಲಿ ಬಂದಿವೆ.

ಆದರೆ ಗಾಜಿನ ಗೋಡೆಗಳ ನಡುವೆ ಹರಿಯದ ನೀರಿನಲ್ಲಿ ಮೀನನ್ನು ಬಾಳಿಸುವ ವಿದ್ಯೆ ಹೊಸದು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್, 1850ರಲ್ಲಿ ಅಲ್ಲಿನ ಕೆಮಿಕಲ್ ಸೊಸೈಟಿಯ ಮುಂದೆ ತನ್ನ ಪ್ರಯೋಗವೊಂದನ್ನು ವಿವರಿಸಿದ: ಎರಡು ಹೊಂಬಣ್ಣದ ಮೀನು, ವ್ಯಾಲಿಸ್ನೇರಿಯ ಎಂಬ ನೀರುಗಿಡ, ಕೆಲವು ಬಸವನಹುಳು. ಮೀನು ಬಿಟ್ಟ ಉಸಿರು ಗಿಡಕ್ಕೆ, ಗಿಡ ಬಿಟ್ಟ ಉಸಿರು ಮೀನಿಗೆ, ಕೊಳೆತ ಎಲೆ ಬಸವನಹುಳುವಿಗೆ. ಲಂಡನ್ ಪ್ರಾಣಿಸಂಗ್ರಹಾಲಯದಲ್ಲಿ 1853ರಲ್ಲಿ ಮತ್ಸ್ಯಗೃಹ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ 'ಅಕ್ವೇರಿಯಂ' ಎಂಬ ಮಾತು ಮನೆಮಾತಾಯಿತು. ಆದರೂ ಈ ಸಮತೋಲನದ ನಿಜವಾದ ಸೂತ್ರಧಾರರು ಯಾರೆಂಬುದು ಆಗಿನ್ನೂ ಗೊತ್ತಿರಲಿಲ್ಲ.

ಕಾಣದ ಕೆಲಸಗಾರರು

ಮೀನು ತಿಂದ ಆಹಾರದ ಕಶ್ಮಲ ಅಮೋನಿಯ ರೂಪದಲ್ಲಿ, ಬಹುಮಟ್ಟಿಗೆ ಕಿವಿರುಗಳ ಮೂಲಕವೇ, ನೀರಿಗೆ ಸೇರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅದೇ ಅಮೋನಿಯ. ಅದು ಮೀನಿಗೆ ಕಡುವಿಷ. ನೀರು ಕ್ಷಾರಗುಣ ತಳೆದಷ್ಟೂ ಈ ವಿಷದ ತೀಕ್ಷ್ಣತೆ ಏರುತ್ತದೆ. 25 ಡಿಗ್ರಿ ಉಷ್ಣತೆಯಲ್ಲಿ ಪಿ.ಎಚ್. 7 ಇದ್ದಾಗ ಒಟ್ಟು ಅಮೋನಿಯದಲ್ಲಿ ವಿಷರೂಪದ್ದು ನೂರಕ್ಕೆ ಒಂದು ಪಾಲಿಗಿಂತ ಕಡಮೆ, ಪಿ.ಎಚ್. 8 ಆದೊಡನೆ ಅದು ನೂರಕ್ಕೆ ಐದನ್ನು ಮೀರುತ್ತದೆ.

ಈ ವಿಷವನ್ನು ಉಣ್ಣುವ ನೀಲಕಂಠರು ನೀರಿನಲ್ಲಿಯೇ ಇದ್ದಾರೆ. ಒಂದು ಬಗೆಯ ಸೂಕ್ಷ್ಮಜೀವಿಗಳು ಅಮೋನಿಯವನ್ನು ನೈಟ್ರೈಟ್ ಆಗಿ ಪರಿವರ್ತಿಸುತ್ತವೆ. ನೈಟ್ರೈಟೂ ವಿಷವೇ, ಅದು ರಕ್ತವನ್ನು ಕಂದಾಗಿಸಿ, ಪ್ರಾಣವಾಯುವನ್ನು ಹೊರುವ ಶಕ್ತಿಯನ್ನು ಕಸಿಯುತ್ತದೆ. ಇನ್ನೊಂದು ಬಗೆಯ ಜೀವಿಗಳು ಆ ನೈಟ್ರೈಟನ್ನು ನೈಟ್ರೇಟ್ ಆಗಿಸುತ್ತವೆ. ಇದರ ಕೇಡು ಬಹಳ ಅಲ್ಪ. ಗಿಡಗಳಿಗಂತೂ ಇದೇ ಗೊಬ್ಬರ. ರಷ್ಯದ ವಿಜ್ಞಾನಿ ಸರ್ಗೈ ವಿನೊಗ್ರಾಡ್ಸ್ಕಿ ಜ್ಯೂರಿಕ್ ನಗರದಲ್ಲಿದ್ದಾಗ, 1890ರ ಸುಮಾರಿಗೆ, ಈ ಜೀವಿಗಳನ್ನು ಬೇರ್ಪಡಿಸಿ ತೋರಿಸಿದ. ಎರಡೂ ಕೆಲಸಗಳನ್ನು ಒಂದೇ ಜೀವಿ ಮಾಡಬಲ್ಲುದೆಂಬುದು 2015ರಲ್ಲಿ ತಿಳಿದುಬಂತು. ಅಂಥ ಜೀವಿ ಸಿಕ್ಕ ತಾಣಗಳಲ್ಲಿ ಮೀನು ಸಾಕುವ ತೊಟ್ಟಿಯ ನೀರನ್ನು ಸೋಸುವ ಒಂದು ಸೋಸಕವೂ ಸೇರಿದೆ!

ಈ ಕೆಲಸಗಾರರು ನೀರಿನಲ್ಲಿ ತೇಲಾಡುವುದಕ್ಕಿಂತ ಹೆಚ್ಚಾಗಿ ಹರಳಿನ ಮೈಗೆ, ಸ್ಪಂಜಿನ ರಂಧ್ರಗಳಿಗೆ ಅಂಟಿಕೊಂಡು ಬಾಳುತ್ತಾರೆ. ಭಾನುವಾರ ಆ ಗೃಹಸ್ಥರು ತಿಕ್ಕಿ ತೆಗೆದ ಕಂದು ಜಿಡ್ಡಿನಲ್ಲಿ ಇವರ ವಸತಿಯೇ ಇತ್ತು. ಎರಡು ತಿಂಗಳಲ್ಲಿ ಕಟ್ಟಿಕೊಂಡ ಊರು ಒಂದು ತಾಸಿನಲ್ಲಿ ಹಾಳಾಯಿತು. ಅದರ ಮೇಲೆ ಕಾವೇರಿ ನೀರಿನೊಡನೆ ಬಂದ ಕ್ಲೋರಿನ್ ಮೀನುಗಳ ಕಿವಿರುಗಳನ್ನೇ ಸುಟ್ಟಿತು. ಅದೂ ಸಾಲದೆಂಬಂತೆ, ಕೊಳವೆಬಾವಿಯ ಲವಣಭರಿತ ನೀರಿಗೆ ಒಗ್ಗಿದ್ದ ಮೀನುಗಳು ಒಮ್ಮೆಲೇ ಮೆದುನೀರಿಗೆ ಬಿದ್ದವು. ಮೂರು ಪೆಟ್ಟುಗಳು ಒಟ್ಟಿಗೆ ಬಿದ್ದರೆ ಯಾವ ಜೀವಿ ತಾನೆ ತಡೆದೀತು?

ನಲ್ಲಿಯ ನೀರಿನ ಗುಣ

ಬೆಂಗಳೂರಿನ ಮನೆಗಳಿಗೆ ಬರುವ ನೀರು ಮುಖ್ಯವಾಗಿ ಎರಡು ತೆರ. ಒಂದು, ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಹಾದು, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಏರಿ ಬರುವ ಕಾವೇರಿ. ಇನ್ನೊಂದು, ನೆಲದಾಳದ ಬಂಡೆಗಳ ಬಿರುಕಿನಿಂದ ಮೇಲೆಳೆದ ಕೊಳವೆಬಾವಿಯ ನೀರು.

ಕಾವೇರಿಯ ನೀರು ಹೋಲಿಕೆಯಲ್ಲಿ ಮೆದುವಾದದ್ದು. ಅದರ ದೋಷವೆಂದರೆ ಕ್ಲೋರಿನ್ ಒಂದೇ. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಭಾರತೀಯ ಮಾನಕ ವಿಧಿಸುತ್ತದೆ. ಮಕ್ಕಳನ್ನು ವಾಂತಿಭೇದಿಯಿಂದ ಕಾಯುವ ಈ ಪ್ರಮಾಣವೇ ಮೀನಿಗೆ ಮಾರಕ. ಇದಕ್ಕೆ ಪರಿಹಾರ ಸುಲಭ. ಅಗಲಬಾಯಿಯ ಪಾತ್ರೆಯಲ್ಲಿ ನೀರನ್ನು ಒಂದು ಹಗಲು ಒಂದು ರಾತ್ರಿ ಇಟ್ಟು, ಗಾಳಿಯ ಗುಳ್ಳೆಗಳನ್ನು ಹಾಯಿಸಿದರೆ ಕ್ಲೋರಿನ್ ಆರಿಹೋಗುತ್ತದೆ. ಅವಸರವಿದ್ದಾಗ ಸೋಡಿಯಂ ಥಯೋಸಲ್ಫೇಟ್ ದ್ರಾವಣದ ಕೆಲವು ಹನಿ ಸಾಕು. ಕ್ಲೋರಿನ್ನಿನ ಬದಲು ಕ್ಲೋರಮೈನ್ ಬೆರೆಸುವ ಊರುಗಳಲ್ಲಿ ಮಾತ್ರ, ಇಟ್ಟು ಆರಿಸುವ ಉಪಾಯ ಫಲಿಸುವುದಿಲ್ಲ.

ಕೊಳವೆಬಾವಿಯ ನೀರಿಗೆ ಕ್ಲೋರಿನ್ನಿನ ಭಯವಿಲ್ಲ, ಗಡಸುತನದ ಭಾರವುಂಟು. ಸ್ನಾನದ ಸೋಪು ನೊರೆಗಟ್ಟದಿರುವುದು, ಬಿಸಿನೀರಿನ ಹಂಡೆಯಲ್ಲಿ ಬಿಳಿಯ ಹಕ್ಕಳೆ ಕೂರುವುದು ಇದರ ಗುರುತು. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಮಾತ್ರವಲ್ಲದೆ, ಚರಂಡಿಯ ನೀರು ಇಂಗಿದ ಕಡೆಗಳಲ್ಲಿ ನೈಟ್ರೇಟೂ ಸೇರಿರುತ್ತದೆ. ಆಳದಿಂದ ಬಂದ ನೀರಿನಲ್ಲಿ ಪ್ರಾಣವಾಯು ಕಡಮೆಯಾಗಿರುವುದರಿಂದ ಇದನ್ನೂ ಒಂದು ದಿನ ಗಾಳಿಯಾಡಿಸಿಯೇ ಬಳಸತಕ್ಕದ್ದು.

ಈಗ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ಸಾಕಬೇಕೆಂದಿರುವ ಮೀನು ಯಾವುದು? ಗಪ್ಪಿ, ಮೋಲಿ, ಹೊಂಬಣ್ಣದ ಮೀನುಗಳಿಗೆ ತಕ್ಕಮಟ್ಟಿನ ಗಡಸುನೀರು ಒಗ್ಗುತ್ತದೆ. ಆಫ್ರಿಕದ ಮಲಾವಿ ಸರೋವರದ ಸಿಕ್ಲಿಡ್ ಮೀನುಗಳಿಗಂತೂ ಗಡಸು, ಕ್ಷಾರ ನೀರೇ ತವರು. ಇವುಗಳನ್ನು ಸಾಕುವವರು ಶುದ್ಧೀಕರಣ ಯಂತ್ರಕ್ಕೆ ಹಣ ಸುರಿಯುವುದು ವ್ಯರ್ಥ. ಅಮೆಜಾನ್ ಕಾಡುಗಳ ಕಂದು ತೊರೆಗಳಿಂದ ಬಂದ ನಿಯಾನ್ ಟೆಟ್ರಾ, ಡಿಸ್ಕಸ್ ಮುಂತಾದವಕ್ಕಾದರೋ ಮೆದುವಾದ, ತುಸು ಆಮ್ಲಗುಣದ ನೀರು ಬೇಕು. ಕೊಳವೆಬಾವಿಯನ್ನೇ ನಂಬಿದ ಮನೆಯಲ್ಲಿ ಅಂಥ ಮೀನು ಬೇಕೆಂದಾಗ ಮಾತ್ರ ನೀರನ್ನು ಹಗುರಗೊಳಿಸುವ ಏರ್ಪಾಡು ಅಗತ್ಯ.

ನಮ್ಮ ಕಥೆಯ ಬಾಲಕಿಯ ಮನಸ್ಸು ನೆಟ್ಟದ್ದು ನಿಯಾನ್ ಟೆಟ್ರಾಗಳ ಮೇಲೆ. ಮೈಮೇಲೆ ನೀಲಿಗೆರೆ, ಬಾಲದ ಕಡೆ ಕೆಂಪು. ಅಂಗಡಿಯಲ್ಲಿ ಅವನ್ನು ಕಂಡಂದಿನಿಂದ ಅವಳಿಗೆ ಬೇರೆ ಮೀನು ರುಚಿಸದು. ಕಾವೇರಿ ಆ ಮನೆಗೆ ಬರುವುದು ವಾರಕ್ಕೆ ಎರಡು ದಿನ. ಅದು ಅಡಿಗೆಗೂ ಕುಡಿಯುವುದಕ್ಕೂ ಮೀಸಲು. "ಅನ್ನಕ್ಕಿಡುವ ನೀರನ್ನು ಮೀನಿಗೆ ಕೊಡಲಾರೆ" ಎಂದು ಅಜ್ಜಿ ಖಂಡಿತವಾಗಿ ನುಡಿದರು. ಉಳಿದುದು ಕೊಳವೆಬಾವಿ. ಅಳೆದು ನೋಡಿದಾಗ ಅದರಲ್ಲಿ ಕರಗಿದ ಲವಣಗಳ ಮೊತ್ತ ಲೀಟರಿಗೆ 800 ಮಿಲಿಗ್ರಾಂ.

ಹಿಂದುಮುಂದಾದ ಅಭಿಸರಣೆ

ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಹಾಕಿದರೆ ಅದು ಉಬ್ಬುತ್ತದೆ. ಹೆಚ್ಚಿದ ಮಾವಿನಕಾಯಿಗೆ ಉಪ್ಪು ಬೆರೆಸಿಟ್ಟರೆ ನೀರು ಬಿಡುತ್ತದೆ. ತೆಳುಪೊರೆಯ ಮೂಲಕ ನೀರು ಯಾವಾಗಲೂ ತಿಳಿಯಾದ ಕಡೆಯಿಂದ ಗಾಢವಾದ ಕಡೆಗೆ ಸಾಗುತ್ತದೆ. ಇದಕ್ಕೆ ಅಭಿಸರಣೆ ಎಂದು ಹೆಸರು. ಗಾಢವಾದ ಕಡೆಯಲ್ಲಿ ಬಲವಾದ ಒತ್ತಡ ಹೇರಿದರೆ ಈ ನಡೆ ಹಿಂದುಮುಂದಾಗಿ, ಲವಣ ಹಿಂದುಳಿದು ಬರಿಯ ನೀರು ಪೊರೆಯಾಚೆಗೆ ಬರುತ್ತದೆ. 'ಆರ್.ಒ.' ಎಂದು ಮನೆಮನೆಗೆ ಪರಿಚಿತವಾದ ಯಂತ್ರದ ಗುಟ್ಟು ಇಷ್ಟೇ.

ತತ್ತ್ವ ಹಳೆಯದಾದರೂ, ಸಾಕಷ್ಟು ವೇಗವಾಗಿ ನೀರು ಬಿಡುವ ಪೊರೆ ಬಹುಕಾಲ ದೊರೆತಿರಲಿಲ್ಲ. ಅಮೆರಿಕದ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಸಿಡ್ನಿ ಲೋಬ್ ಅವರೂ ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್ ಅವರೂ ಕೂಡಿ, 1960ರ ಹೊತ್ತಿಗೆ ಸೆಲ್ಯುಲೋಸ್ ಅಸಿಟೇಟಿನಿಂದ ಅಂಥ ಪೊರೆಯನ್ನು ಸಿದ್ಧಪಡಿಸಿದರು. ಕ್ಯಾಲಿಫೋರ್ನಿಯದ ಕೋಲಿಂಗ ಎಂಬ ಸಣ್ಣ ಊರಿಗೆ 1965ರಲ್ಲಿ ಈ ವಿಧಾನದಿಂದ ಕುಡಿಯುವ ನೀರು ಒದಗಿತು. ಇಂದು ಬಳಕೆಯಲ್ಲಿರುವ ಪಾಲಿಅಮೈಡ್ ಪೊರೆ 1970ರ ದಶಕದ ಫಲ.

ಮನೆಯ ಯಂತ್ರದಲ್ಲಿ ನೀರು ಮೂರು ಬಾಗಿಲು ದಾಟುತ್ತದೆ. ಮೊದಲನೆಯದು 5 ಮೈಕ್ರಾನಿನ ಸೋಸಕ. ಮಣ್ಣು, ತುಕ್ಕು ಇಲ್ಲಿಯೇ ನಿಲ್ಲುತ್ತವೆ. ಎರಡನೆಯದು ಕ್ರಿಯಾಶೀಲ ಇದ್ದಿಲು. ಕ್ಲೋರಿನ್ ಇಲ್ಲಿ ಅಳಿಯುತ್ತದೆ. ಕ್ಲೋರಿನ್ ತಗುಲಿದರೆ ಪಾಲಿಅಮೈಡ್ ಪೊರೆ ಕೆಡುವುದರಿಂದ, ಈ ಬಾಗಿಲು ಮೀನಿಗಷ್ಟೇ ಅಲ್ಲ, ಮೂರನೆಯ ಬಾಗಿಲಾದ ಪೊರೆಗೂ ಕಾವಲು. ಪೊರೆಯಿಂದ ಎರಡು ಕೊಳವೆಗಳು ಹೊರಡುತ್ತವೆ: ಒಂದರಲ್ಲಿ ಶುದ್ಧಜಲ, ಇನ್ನೊಂದರಲ್ಲಿ ಲವಣವನ್ನು ಹೊತ್ತ ತ್ಯಾಜ್ಯಜಲ. ಎರಡನೆಯದರ ತುದಿಯಲ್ಲಿ ಹರಿವನ್ನು ಬಿಗಿಹಿಡಿಯುವ ಸಣ್ಣ ತಡೆಯೊಂದಿದ್ದು, ಪೊರೆಯ ಮೇಲೆ ಒತ್ತಡ ಉಳಿಯುವಂತೆ ಮಾಡುತ್ತದೆ.

ಒತ್ತಡದ ವಿಷಯದಲ್ಲಿ ನಮ್ಮ ಮನೆಗಳಿಗೆ ಒಂದು ವಿಶೇಷ ತೊಡಕುಂಟು. ಪೊರೆ ಚೆನ್ನಾಗಿ ದುಡಿಯಲು ಸುಮಾರು 50 ಪಿ.ಎಸ್.ಐ. ಒತ್ತಡ ಬೇಕು. 10 ಮೀಟರ್ ಎತ್ತರದ ತೊಟ್ಟಿಯಿಂದ ದೊರೆಯುವುದು ಕೇವಲ 14. ಮಹಡಿಯ ಮೇಲಿನ ಸಿಂಟೆಕ್ಸ್ ತೊಟ್ಟಿಯ ನೀರು ಅಷ್ಟು ಎತ್ತರದಲ್ಲಿಯೂ ಇರುವುದಿಲ್ಲ. ಆದುದರಿಂದ ಒತ್ತಡ ಹೆಚ್ಚಿಸುವ ಪುಟ್ಟ ಪಂಪು ಅನಿವಾರ್ಯ. ಪಂಪಿಲ್ಲದೆ ಜೋಡಿಸಿದವರು ಹನಿಹನಿಯಾಗಿ ಬರುವ ನೀರನ್ನೂ ಧಾರೆಯಾಗಿ ಹೋಗುವ ತ್ಯಾಜ್ಯವನ್ನೂ ನೋಡಿ ನೊಂದುಕೊಳ್ಳುವುದುಂಟು.

ಜೋಡಣೆಯಾದ ಮೇಲೆ ಪೊರೆಯನ್ನು ಹೂಡುವುದಕ್ಕೆ ಮೊದಲು ಇದ್ದಿಲಿನ ಕರಿಪುಡಿ ಹೋಗುವವರೆಗೆ ನೀರನ್ನು ಹೊರಬಿಡಬೇಕು. ಹೊಸ ಪೊರೆಯಿಂದ ಬರುವ ಮೊದಲ ಒಂದೆರಡು ಗಂಟೆಗಳ ನೀರನ್ನು ಮೀನಿಗೆ ಹಾಕಬಾರದು. ಶುದ್ಧಜಲ ತುಂಬುವ ಡ್ರಮ್ಮಿಗೆ ತೇಲುಗುಂಡಿನ ಬಿರಡೆಯನ್ನೂ ಯಂತ್ರವನ್ನು ತಾನಾಗಿ ನಿಲ್ಲಿಸುವ ಸಾಧನವನ್ನೂ ಅಳವಡಿಸಿದರೆ ಮರೆವಿನಿಂದಾಗುವ ಪ್ರವಾಹ ತಪ್ಪುತ್ತದೆ. ಮನೆಯಲ್ಲಿ ಈಗಾಗಲೇ ಕುಡಿಯುವ ನೀರಿನ ಆರ್.ಒ. ಇದ್ದರೆ ಅದರ ನೀರನ್ನೇ ಬಳಸಬಹುದು. ಆದರೆ ತಾಮ್ರದ ಅಂಶ ಸೇರಿಸುವ ಬಗೆಯದಾದರೆ ಎಚ್ಚರ ಬೇಕು. ಮನುಷ್ಯನಿಗೆ ಹಿತವೆಂದು ಬೆರೆಸುವ ತಾಮ್ರ ಸೀಗಡಿ, ಬಸವನಹುಳುಗಳಿಗೆ ವಿಷ.

ಅತಿಶುದ್ಧಿಯ ಅಪಾಯ

ಅತಿಯಾದರೆ ಅಮೃತವೂ ವಿಷ. ಪೊರೆಯಿಂದ ಇಳಿದ ನೀರನ್ನು ಹಾಗೆಯೇ ತೊಟ್ಟಿಗೆ ತುಂಬುವುದು ಎರಡನೆಯ ದೊಡ್ಡ ತಪ್ಪು. ಆ ನೀರಿನಲ್ಲಿ ಆಮ್ಲತೆಯನ್ನು ಹಿಡಿದು ನಿಲ್ಲಿಸುವ ಬೈಕಾರ್ಬನೇಟ್ ಇರುವುದಿಲ್ಲ. ಸೂಕ್ಷ್ಮಜೀವಿಗಳು ಅಮೋನಿಯವನ್ನು ಪರಿವರ್ತಿಸುವಾಗ ಆಮ್ಲ ಹುಟ್ಟುತ್ತದೆ, ತಡೆಯುವವರಿಲ್ಲದೆ ಪಿ.ಎಚ್. ಒಂದೇ ಸಮನೆ ಕುಸಿಯುತ್ತದೆ. ಕೊನೆಗೆ ಆ ಜೀವಿಗಳೇ ಕೆಲಸ ನಿಲ್ಲಿಸುತ್ತವೆ. ಮೀನಿನ ದೇಹಕ್ಕೂ ಕೊಂಚ ಲವಣ ಬೇಕೇ ಬೇಕು.

ಆದುದರಿಂದ ಬೆರಕೆಯೇ ಜಾಣತನ. ಆ ಮನೆಯ ಲೆಕ್ಕವನ್ನೇ ನೋಡಬಹುದು. ತೊಟ್ಟಿಯ ಅಳತೆ 60, 30, 30 ಸೆಂಟಿಮೀಟರ್. ಅಂಚಿನವರೆಗೆ ತುಂಬಿದರೆ 54 ಲೀಟರ್, ಹರಳು ಹಾಕಿ ಮೇಲೆ ಜಾಗ ಬಿಟ್ಟರೆ ನೀರು 48 ಲೀಟರಿಗೆ ಮೀರದು. ವಾರಕ್ಕೆ ಕಾಲುಪಾಲು, ಎಂದರೆ 12 ಲೀಟರ್, ಬದಲಿಸಬೇಕು. 800ರ ಕೊಳವೆಬಾವಿಯ ನೀರು 3 ಲೀಟರಿಗೆ 20ರ ಶುದ್ಧಜಲ 9 ಲೀಟರ್ ಬೆರೆಸಿದರೆ ಮಿಶ್ರಣದ ಲವಣಾಂಶ 215 ಆಗುತ್ತದೆ. ಹೀಗೆ ಒಂದೇ ಪ್ರಮಾಣದಲ್ಲಿ ವಾರ ವಾರವೂ ಬೆರೆಸುವುದು ಮುಖ್ಯ. ಇಂದು ಒಂದು ಬಗೆ, ನಾಳೆ ಇನ್ನೊಂದು ಬಗೆಯಾದರೆ ಮೀನು ತಾಳದು.

ಲವಣಾಂಶ ಅಳೆಯುವ ಲೇಖನಿಯಂಥ ಉಪಕರಣ ಅಗ್ಗವಾಗಿ ಸಿಗುತ್ತದೆ. ಅದಿಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಆದರೆ ಅದರ ಮಿತಿಯೂ ತಿಳಿದಿರಬೇಕು. ಅದು ನೀರಿನ ವಿದ್ಯುದ್ವಾಹಕತೆಯನ್ನು ಅಳೆದು ಮೊತ್ತವನ್ನಷ್ಟೇ ಹೇಳುತ್ತದೆ. ಕರಗಿರುವುದು ಸುಣ್ಣವೋ ನೈಟ್ರೇಟೋ ಎಂದು ಹೇಳಲಾರದು. ಅಮೋನಿಯ, ನೈಟ್ರೈಟ್, ಪಿ.ಎಚ್.ಗಳನ್ನು ತಿಳಿಯಲು ಬಣ್ಣ ತಿರುಗುವ ಹನಿಗಳ ಪರೀಕ್ಷೆಯೇ ಬೇಕು.

ಕಾಯುವ ಕಾಲ, ಕಾಪಾಡುವ ಕ್ರಮ

ಯಂತ್ರ ಬಂದರೂ ಮೀನು ಕೂಡಲೆ ಬರಲಿಲ್ಲ. ತೊಟ್ಟಿಗೆ ನೀರು ತುಂಬಿ, ಗಿಡ ನೆಟ್ಟು, ಗಾಳಿಪಂಪಿನಿಂದ ನಡೆಯುವ ಸ್ಪಂಜಿನ ಸೋಸಕವನ್ನು ಹೂಡಿ, ದಿನಕ್ಕೆ ಒಂದು ಚಿಟಿಕೆ ಆಹಾರವನ್ನು ಬರಿಯ ನೀರಿಗೇ ಹಾಕುತ್ತ ಬಂದರು. "ಮೀನೇ ಇಲ್ಲ, ಊಟ ಯಾರಿಗೆ?" ಎಂದು ನೆರೆಯವರು ನಕ್ಕರು. ಊಟ ಕಾಣದ ಕೆಲಸಗಾರರಿಗೆ! ಆಹಾರ ಕೊಳೆತು ಅಮೋನಿಯ ಏರಿತು. ಅದು ಇಳಿಯುತ್ತಿದ್ದಂತೆ ನೈಟ್ರೈಟ್ ಏರಿತು. ಅದೂ ಇಳಿದು ಎರಡೂ ಸೊನ್ನೆಗೆ ನಿಂತಾಗ ಊರು ಮತ್ತೆ ನೆಲೆಗೊಂಡಿತೆಂದು ಅರ್ಥ. ಇದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹಳೆಯ ತೊಟ್ಟಿಯುಳ್ಳ ಸ್ನೇಹಿತರಿಂದ ಒಂದು ಹಿಡಿ ಹರಳನ್ನೋ ಸ್ಪಂಜಿನ ತುಂಡನ್ನೋ ತಂದು ಹಾಕಿದರೆ, ಹಾಲಿಗೆ ಹೆಪ್ಪು ಹಾಕಿದಂತೆ, ಕೆಲಸ ಬೇಗ ಸಾಗುತ್ತದೆ.

ಮುಂದಿನ ಪಾಲನೆಗೆ ಕೆಲವು ನಿಯಮಗಳು ಸಾಕು. ಒಮ್ಮೆಗೆ ಕಾಲುಪಾಲಿಗಿಂತ ಹೆಚ್ಚು ನೀರು ಬದಲಿಸಬಾರದು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಮೆಲ್ಲಗೆ ಹಿಂಡಬೇಕು, ನಲ್ಲಿಯ ಕೆಳಗೆ ಹಿಡಿಯಲೇ ಕೂಡದು. ಹರಳು ತೊಳೆದ ದಿನ ಸ್ಪಂಜನ್ನು ಮುಟ್ಟಬಾರದು. ಮೀನು ಎರಡು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಬೇಕು. ವಿದ್ಯುತ್ತು ತಾಸುಗಟ್ಟಲೆ ಹೋಗುವ ಊರುಗಳಲ್ಲಿ ಬ್ಯಾಟರಿಯಿಂದ ನಡೆಯುವ ಗಾಳಿಪಂಪು ಕೈಗೆಟುಕುವಂತಿರಬೇಕು. ಗಾಳಿ ನಿಂತರೆ ಮೀನಿಗೂ ಕಷ್ಟ, ಸೋಸಕದೊಳಗಿನ ಜೀವಿಗಳಿಗೂ ಕಷ್ಟ.

ಯಂತ್ರಕ್ಕೂ ಆರೈಕೆ ಬೇಕು. ಕೆಸರಿನ ಸೋಸಕವನ್ನೂ ಇದ್ದಿಲನ್ನೂ ಆರು ತಿಂಗಳಿಂದ ವರ್ಷದೊಳಗೆ ಬದಲಿಸುವುದು ವಾಡಿಕೆ. ಪೊರೆ ಎರಡು ಮೂರು ವರ್ಷ ಬಾಳೀತು. ತೀರ ಗಡಸುನೀರಿನಲ್ಲಿ ಅದಕ್ಕಿಂತ ಮೊದಲೇ ಸುಣ್ಣ ಕಟ್ಟೀತು. ಒಳಬರುವ ನೀರಿನ ಲವಣಾಂಶವನ್ನೂ ಹೊರಬರುವ ನೀರಿನದನ್ನೂ ತಿಂಗಳಿಗೊಮ್ಮೆ ಬರೆದಿಟ್ಟರೆ ಪೊರೆಯ ಆಯುಸ್ಸು ತಾನೇ ತಿಳಿಯುತ್ತದೆ. 800 ಒಳಹೋಗಿ 20 ಹೊರಬರುತ್ತಿದ್ದುದು 80, 100 ಎಂದು ಏರತೊಡಗಿತೆಂದರೆ ಪೊರೆಯ ಕಾಲ ಮುಗಿಯುತ್ತ ಬಂತು. ಯಂತ್ರವನ್ನು ತಿಂಗಳುಗಟ್ಟಲೆ ನಿಲ್ಲಿಸಿ ಪೊರೆಯನ್ನು ಒಣಗಲು ಬಿಡುವುದೂ ಹಾನಿಕರ.

ಅಜ್ಜಿಯ ಷರತ್ತು

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ, ಅದು ಯಂತ್ರದ್ದಲ್ಲ, ಮನಸ್ಸಾಕ್ಷಿಯದು. ಮನೆಯ ಸಾಮಾನ್ಯ ಯಂತ್ರ ಒಂದು ಪಾಲು ಶುದ್ಧಜಲ ಕೊಡುವಾಗ ಸುಮಾರು ಮೂರು ಪಾಲು ನೀರನ್ನು ಹೊರಗೆ ಚೆಲ್ಲುತ್ತದೆ. ವಾರಕ್ಕೆ 9 ಲೀಟರ್ ಶುದ್ಧಜಲಕ್ಕೆ 27 ಲೀಟರ್ ತ್ಯಾಜ್ಯ. ಬೆಂಗಳೂರು 2024ರ ಬೇಸಗೆಯನ್ನು ಮರೆತಿಲ್ಲ. ಕೊಳವೆಬಾವಿಗಳು ಬತ್ತಿ, ಕೊಡ ಹಿಡಿದು ಟ್ಯಾಂಕರಿಗೆ ಕಾದ ದಿನಗಳವು. ಆ ಮಾರ್ಚಿಯಲ್ಲಿ ಜಲಮಂಡಳಿ ಕಾರು ತೊಳೆಯಲು, ಕೈತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ವಿಧಿಸಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತದ ನೀರು ಹೊರವಲಯದ ಹಳ್ಳಿಗಳತ್ತ ಹರಿಯತೊಡಗಿತಾದರೂ, ಕೊಡದ ಬೆಲೆ ಕಂಡವರಿಗೆ ಆ ಭಯ ಇನ್ನೂ ಇದ್ದೇ ಇದೆ.

ಯಂತ್ರ ಜೋಡಿಸಿದ ದಿನ ತ್ಯಾಜ್ಯದ ಕೊಳವೆ ಬಚ್ಚಲ ಮೋರಿಗೆ ಬಿದ್ದುದನ್ನು ಕಂಡು ಅಜ್ಜಿ ತಡೆದರು. "ಹತ್ತು ಮೀನಿಗೋಸ್ಕರ ಎರಡು ಕೊಡ ನೀರು ಮೋರಿಗೆ ಹೋಗುವುದಾದರೆ ಈ ಮನೆಗೆ ಮೀನು ಬೇಡ" ಎಂದರು. ಮೊಮ್ಮಗಳ ಮುಖ ಸಪ್ಪಗಾಯಿತು. ಬಳಿಕ ಅಜ್ಜಿಯೇ ಒಂದು ದಾರಿ ಹೇಳಿದರು: ಆ ಕೊಳವೆಯ ತುದಿಗೆ ಒಂದು ದೊಡ್ಡ ಬಕೆಟ್ಟು ಇಡತಕ್ಕದ್ದು, ನೆಲ ಒರೆಸುವುದೂ ಶೌಚಾಲಯಕ್ಕೆ ಸುರಿಯುವುದೂ ಅದೇ ನೀರಿನಿಂದ ಆಗತಕ್ಕದ್ದು, ಬಕೆಟ್ಟು ಬರಿದಾಗದೆ ಯಂತ್ರ ಮತ್ತೆ ನಡೆಯಕೂಡದು.

ಈ ಷರತ್ತು ಶಾಸ್ತ್ರಸಮ್ಮತವೇ ಆಗಿದೆ. ತ್ಯಾಜ್ಯಜಲ ಕೊಳಕು ನೀರಲ್ಲ. ಅದೇ ಕೊಳವೆಬಾವಿಯ ನೀರು, ಲವಣ ತುಸು ದಟ್ಟವಾದದ್ದು ಮಾತ್ರ. ಆ ಮನೆಯ ಲೆಕ್ಕದಲ್ಲಿ 800 ಇದ್ದುದು 1,060 ಆಗುತ್ತದೆ. ಕುಂಡದ ಗಿಡಗಳಿಗೆ ಅದನ್ನು ನಿತ್ಯ ಹಾಕಿದರೆ ಮಣ್ಣಿನಲ್ಲಿ ಉಪ್ಪು ಕೂಡೀತು. ನೆಲಕ್ಕೆ, ಶೌಚಾಲಯಕ್ಕೆ ಯಾವ ಅಡ್ಡಿಯೂ ಇಲ್ಲ. ಗಿಡಗಳಿಗೆ ತೊಟ್ಟಿಯಿಂದ ತೆಗೆದ ಹಳೆಯ ನೀರು ಉಂಟಲ್ಲ! ವಾರಕ್ಕೆ 12 ಲೀಟರ್, ನೈಟ್ರೇಟ್ ಬೆರೆತ, ಖರ್ಚಿಲ್ಲದ ಗೊಬ್ಬರ. ಹೀಗೆ ನಡೆದಾಗ ಮೀನಿಗೆಂದು ಮನೆಯಲ್ಲಿ ಖರ್ಚಾಗುವ ಹೆಚ್ಚಿನ ನೀರು ಬಹುಮಟ್ಟಿಗೆ ಏನೂ ಇಲ್ಲ. ಮಳೆಗಾಲದಲ್ಲಿ ಮೊದಲ ಒಂದೆರಡು ಮಳೆಯನ್ನು ಬಿಟ್ಟು, ಸ್ವಚ್ಛವಾದ ತಾರಸಿಯಿಂದ ಹಿಡಿದ ನೀರನ್ನು ಇದ್ದಿಲಿನಲ್ಲಿ ಸೋಸಿ ಬೆರೆಸಿಕೊಂಡರೆ ಯಂತ್ರಕ್ಕೂ ಬಿಡುವು.

ಆರು ವಾರ ಕಳೆದ ಮೇಲೆ ಒಂದು ಸಂಜೆ ನಾಲ್ಕು ನಿಯಾನ್ ಟೆಟ್ರಾಗಳು ಆ ಮನೆಗೆ ಬಂದವು. ಹದಿನೈದು ದಿನ ಬಿಟ್ಟು ಇನ್ನು ಆರು. ಚೀಲವನ್ನು ತೊಟ್ಟಿಯಲ್ಲಿ ತೇಲಿಬಿಟ್ಟು, ಲೋಟ ಲೋಟವಾಗಿ ತೊಟ್ಟಿಯ ನೀರನ್ನು ಅದಕ್ಕೆ ಬೆರೆಸುತ್ತ, ಮುಕ್ಕಾಲು ಗಂಟೆಯ ಮೇಲೆ ಅವುಗಳನ್ನು ಒಳಗೆ ಬಿಟ್ಟರು. ಭಾನುವಾರ ಬಂದಾಗ ತಳದ ಹರಳಿನ ಮೇಲೆ ಕಂದು ಜಿಡ್ಡು ಮತ್ತೆ ಕಾಣಿಸಿತು. ತಂದೆ ಬ್ರಷ್ಷು ಎತ್ತಿಕೊಂಡರು.

"ಅದು ಅವರ ಮನೆ, ಅಪ್ಪ" ಎಂದಳು ಮಗಳು. ತಂದೆ ಬ್ರಷ್ಷನ್ನು ಕೆಳಗಿಟ್ಟರು. ಅವಳು ಮುಂಭಾಗದ ಗಾಜನ್ನಷ್ಟೇ ಒರೆಸಿ, 12 ಲೀಟರ್ ಅಳೆದು ತೆಗೆದು, ಆ ನೀರನ್ನು ದಾಸವಾಳದ ಬುಡಕ್ಕೆ ಹೊಯ್ದು ಬಂದು, ತನ್ನ ನೋಟು ಪುಸ್ತಕದಲ್ಲಿ ಬರೆದುಕೊಂಡಳು: ಅಮೋನಿಯ 0, ನೈಟ್ರೈಟ್ 0, ಮೀನು 10.